ಬೋರ್ ಪಕ್ಕದ ಕೆರೆಗೆ ಬೆಂಗಳೂರಿನ ನೀರು: ಊರಿನ ಕುಡಿಯುವ ನೀರು ಕಾಯುವುದು ಹೇಗೆ?

2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಬಂತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಕಳಿಸುವ ನೀರು ಅದು. ಬತ್ತಿದ ಕೆರೆ ತುಂಬಿದ್ದನ್ನು ಕಂಡ ರೈತರ ಖುಷಿ ಸಣ್ಣದಲ್ಲ. ಆದರೆ ಅದು ಅಂತರ್ಜಲ ಹೆಚ್ಚಿಸಲು ಬಿಟ್ಟ ನೀರು, ನೇರ ಕುಡಿಯಲಿಕ್ಕಲ್ಲ. ಕೆರೆ ಪಕ್ಕದ ಬೋರ್‌ನಿಂದಲೇ ಊರಿನ ಟ್ಯಾಂಕ್ ತುಂಬುತ್ತಿದ್ದರೆ, ಇಂಗಿದ ನೀರು ಸುತ್ತಿ ಬಂದು ನಮ್ಮ ಬಿಂದಿಗೆಗೇ ಬೀಳುತ್ತದೆ, ಅಲ್ವಾ?

ನಮೀಬಿಯಾದ ವಿಂಡ್‌ಹುಕ್ ನಗರ 1968ರಿಂದ ಕೊಳಚೆ ನೀರನ್ನು ಶುದ್ಧ ಮಾಡಿ ಕುಡಿಯುತ್ತಿದೆ. ಅಲ್ಲಿ ಕಾರ್ಖಾನೆ ನೀರನ್ನು ಮನೆ ನೀರಿಗೆ ಸೇರಿಸುವುದಿಲ್ಲ. ಓಜೋನ್, ಇದ್ದಿಲು, ಕ್ಲೋರಿನ್ ಹೀಗೆ ತಡೆ ಮೇಲೆ ತಡೆ ಇದೆ. ನಮ್ಮ ಹಳ್ಳಿಗಳಲ್ಲಿ ಮುಖ್ಯವಾಗಿ ಇರುವುದು ಎರಡೇ ತಡೆ: ಮಣ್ಣು ಮತ್ತು ಕ್ಲೋರಿನ್. ಕೋಲಾರದ ಕಡೆ ಬಂಡೆಯ ಬಿರುಕಿನಲ್ಲಿ ನೀರು ಸೋಸದೆಯೇ ಹರಿದುಬಿಡಬಹುದು. ಹಾಗಾಗಿ ಕ್ಲೋರಿನ್ ವಿಷಯದಲ್ಲಿ ಸಡಿಲ ಬಿಡುವ ಹಾಗಿಲ್ಲ.

ಮೊದಲ ಕೆಲಸ, ಬೋರ್ ನೋಡಿಕೊಂಡು ಬನ್ನಿ. ಕೇಸಿಂಗ್ (ಬೋರ್‌ಗೆ ಇಳಿಸಿದ ಪೈಪ್) ಸುತ್ತ ಸಿಮೆಂಟ್ ಕಟ್ಟೆ ಇದೆಯಾ? ನೀರು ನಿಲ್ಲುತ್ತಿದೆಯಾ? ಕುಡಿಯುವ ಬೋರ್ ಪಕ್ಕ ಇಂಗುಗುಂಡಿ ತೋಡಿ ಕೆರೆ ನೀರು ತಿರುಗಿಸಬೇಡಿ. ಕೆರೆ ಅಂಚಿನ ತೆರೆದ ಬಾವಿ ನೀರನ್ನು ಕುಡಿಯಲು ಬಳಸಬೇಡಿ.

ಆಮೇಲೆ ಪರೀಕ್ಷೆ. ವರ್ಷಕ್ಕೊಮ್ಮೆ ರಾಸಾಯನಿಕ, ಎರಡು ಸಲ ಬ್ಯಾಕ್ಟೀರಿಯಾ ಪರೀಕ್ಷೆ ಎಂಬುದು ಜಲ ಜೀವನ್ ಮಿಷನ್ ನಿಯಮ. ಕೆರೆ ಪಕ್ಕದ ಊರಿಗೆ ಅದು ಕಡಿಮೆ, ಮೂರು ತಿಂಗಳಿಗೊಮ್ಮೆ ಮಾಡಿಸಿ ಎನ್ನುತ್ತೇನೆ. ಮಲದ ಗುರುತಾದ ಇ-ಕೊಲೈ ಬ್ಯಾಕ್ಟೀರಿಯಾ 100 ಮಿಲಿ ನೀರಿನಲ್ಲಿ ಒಂದೂ ಇರಬಾರದು. ನೈಟ್ರೇಟ್ ಲೀಟರ್‌ಗೆ 45 ಮಿಲಿಗ್ರಾಂ ದಾಟಬಾರದು. ಕೋಲಾರದಲ್ಲಿ ಫ್ಲೋರೈಡ್ ಕೂಡ ಮರೆಯಬೇಡಿ. ನೀರು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಬಾಣಂತಿ, ಪುಟ್ಟ ಮಗು ಇರುವ ಮನೆಗೆ ಇದನ್ನು ಹೋಗಿ ಹೇಳಿ.

ಈಗ ಕ್ಲೋರಿನ್. 50,000 ಲೀಟರ್ ಟ್ಯಾಂಕ್‌ಗೆ, ಲೀಟರ್‌ಗೆ 2 ಮಿಲಿಗ್ರಾಂ ಲೆಕ್ಕದಲ್ಲಿ, 100 ಗ್ರಾಂ ಕ್ಲೋರಿನ್ ಬೇಕು. ಹೊಸ ಬ್ಲೀಚಿಂಗ್ ಪೌಡರ್‌ನಲ್ಲಿ ಶೇ 33ರಷ್ಟು ಕ್ಲೋರಿನ್ ಇರುತ್ತದೆ, ಅಂದರೆ ಸುಮಾರು 300 ಗ್ರಾಂ ಪೌಡರ್ ಸಾಕು. ಬಾಯಿ ಬಿಚ್ಚಿಟ್ಟ ಚೀಲದಲ್ಲಿ ಸತ್ವ ಬೇಗ ಇಳಿಯುತ್ತದೆ, ಆಗ ಜಾಸ್ತಿ ಬೇಕಾಗುತ್ತದೆ. ಮೂಗಿಗೆ ಬಟ್ಟೆ ಕಟ್ಟಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಪೌಡರನ್ನು ಗಟ್ಟಿಯಾಗಿ ಕಲಸಿ. ಮೇಲೆ ನೀರು ಹಾಕಿ ಕದಡಿ, ಸುಣ್ಣ ತಳಕ್ಕೆ ಕೂರುವವರೆಗೆ ಬಿಡಿ. ಮೇಲಿನ ತಿಳಿಯನ್ನಷ್ಟೇ ಟ್ಯಾಂಕ್‌ಗೆ ಸುರಿಯಿರಿ. ಅರ್ಧ ಗಂಟೆ ಬಿಟ್ಟು ವಾಲ್ವ್ ತೆಗೆಯಿರಿ.

ಪೌಡರ್ ಹಾಕಿದ್ದೇವೆ ಎಂದರೆ ಆಗಲಿಲ್ಲ. ಪೈಪಿನ ಕೊನೇ ಮನೆಯ ನಲ್ಲಿಯಲ್ಲಿ ಲೀಟರ್‌ಗೆ 0.2 ಮಿಲಿಗ್ರಾಂ ಆದರೂ ಕ್ಲೋರಿನ್ ಉಳಿದಿರಬೇಕು. ನೀರುಗಂಟಿಯ ಪೆಟ್ಟಿಗೆಯಲ್ಲಿ ಹಳದಿ ಬಣ್ಣ ತೋರಿಸುವ ಕ್ಲೋರೋಸ್ಕೋಪ್ (ಕ್ಲೋರಿನ್ ಅಳೆಯುವ ಕಿಟ್) ಇದ್ದರೆ, ಹನಿ ಹಾಕಿದ 10 ಸೆಕೆಂಡ್ ಒಳಗೆ ಬಣ್ಣ ಓದಬೇಕು. ನಿಧಾನಕ್ಕೆ ಏರುವ ಹಳದಿಯನ್ನು ನಂಬಬೇಡಿ. ನೀರಿನಲ್ಲಿ ಅಮೋನಿಯಾ ಇದ್ದರೆ ಕ್ಲೋರಿನ್ ಅದಕ್ಕೆ ಅಂಟಿಕೊಂಡು ಹೀಗೆ ತಡವಾಗಿ ಬಣ್ಣ ಕೊಡುತ್ತದೆ, ಕ್ರಿಮಿ ಕೊಲ್ಲುವ ಶಕ್ತಿಯೂ ಕಡಿಮೆ. ಅಮೋನಿಯಾ ಕೊಳಚೆಯ ಗುರುತಾಗಿರಬಹುದು. ದಿನಾ ಹಾಕುವಷ್ಟೇ ಹಾಕಿದರೂ ಇದ್ದಕ್ಕಿದ್ದಂತೆ ಕ್ಲೋರಿನ್ ಉಳಿಯದಿದ್ದರೆ, ಸುಮ್ನೆ ಪೌಡರ್ ಹೆಚ್ಚಿಸಬೇಡಿ. ಅವತ್ತೇ ನೀರನ್ನು ಲ್ಯಾಬ್‌ಗೆ ಕಳಿಸಿ.

ಉಳಿದಿದ್ದು ಊರಿನ ಕಟ್ಟುಪಾಡು. ಎಚ್‌ಟುಎಸ್ ಬಾಟಲಿಯ (ಊರಿನಲ್ಲೇ ಬ್ಯಾಕ್ಟೀರಿಯಾ ಪರೀಕ್ಷೆ ಮಾಡುವ ಬಾಟಲಿ) ನೀರು ಒಂದೆರಡು ದಿನದಲ್ಲಿ ಕಪ್ಪಾದರೆ ವಾಲ್ವ್ ನಿಲ್ಲಿಸುವವರು ಯಾರು? ಆಗ ಬೇರೆ ಯಾವ ಬೋರ್‌ನಿಂದ ನೀರು ಕೊಡುವುದು? ಟ್ಯಾಂಕರ್ ಖರ್ಚು ಯಾರದು? ಇದನ್ನು ಗ್ರಾಮಸಭೆಯಲ್ಲೇ ತೀರ್ಮಾನಿಸಿ, ಪುಸ್ತಕದಲ್ಲಿ ಬರೆಸಿ, ಪಿಡಿಒ ಸಹಿ ಹಾಕಿಸಿ. ವಾಲ್ವ್ ನಿಲ್ಲಿಸಲು ನೀರುಗಂಟಿ ಯಾರ ಅಪ್ಪಣೆಯನ್ನೂ ಕಾಯುವಂತೆ ಇರಬಾರದು. ನೀರು ನಿಂತ ದಿನ ಬೈಗುಳ ಕೇಳುವವರು ಅವರೇ. ಅವರ ಪರವಾಗಿ ನಿಲ್ಲುತ್ತೇವೆ ಎಂದು ಅದೇ ಪುಸ್ತಕದಲ್ಲಿ ಬರೆದಿಡಿ.