ಮಲೆನಾಡಿನಿಂದ ಸಿಂಗಪುರಕ್ಕೆ ಹೊರಟವರಿಗೆ: ಸಿಗರೇಟು, ಹೊಗೆಸೊಪ್ಪು ಬಿಡಲು ಎಲ್ಲಿ ಸಹಾಯ ಸಿಗುತ್ತದೆ

ರಜೆಗೆ ಶಿವಮೊಗ್ಗಕ್ಕೆ ಬಂದಿದ್ದೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಸಿಂಗಪುರಕ್ಕೆ ಕೆಲಸಕ್ಕೆ ಹೊರಟವರು ಸಿಕ್ಕಾಗಲೆಲ್ಲ ಬಾಡಿಗೆ ಮನೆ, ಅಕ್ಕಿ, ಬೇಳೆ ಬಗ್ಗೆ ಕೇಳುತ್ತಾರೆ. ಸಿಗರೇಟಿನ ಬಗ್ಗೆ ಯಾರೂ ಕೇಳುವುದಿಲ್ಲ. ದೊಡ್ಡವರ ಮುಂದೆ ಆ ಮಾತು ಎತ್ತಲು ಸಂಕೋಚ. ಆದರೆ ಅಲ್ಲಿ ಇಳಿದ ಮೊದಲ ದಿನವೇ ತೊಂದರೆ ಕೊಡುವುದು ಅದೇ.

ಸಿಂಗಪುರಕ್ಕೆ ಸಿಗರೇಟು ಒಯ್ದರೆ ತೆರಿಗೆ ವಿನಾಯಿತಿ ಇಲ್ಲ. ಒಂದೇ ಪ್ಯಾಕ್ ಇದ್ದರೂ ವಿಮಾನ ನಿಲ್ದಾಣದಲ್ಲಿ ಹೇಳಿ ತೆರಿಗೆ ಕಟ್ಟಬೇಕು. ಗುಟ್ಕಾ, ಖೈನಿ, ಜರ್ದಾ 2016ರಿಂದ ನಿಷೇಧ. ಹಾಗಾಗಿ ಕವಳಕ್ಕೆ (ಎಲೆ ಅಡಿಕೆಗೆ) ಹೊಗೆಸೊಪ್ಪು ಹಾಕುವವರು ಅದನ್ನು ಚೀಲದಲ್ಲಿ ಇಟ್ಟುಕೊಂಡು ಹೋಗುವ ಯೋಚನೆಯೇ ಬೇಡ. 21 ವರ್ಷ ತುಂಬದವರಿಗೆ ಸಿಗರೇಟು ಮಾರುವಂತಿಲ್ಲ. ಇನ್ನು ವೇಪ್, ಅಂದರೆ ಇ-ಸಿಗರೇಟು. ಸಿಗರೇಟು ಬಿಡಲು ಅದು ಒಳ್ಳೆಯದು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. 2018ರಿಂದ ಅಲ್ಲಿ ವೇಪ್ ಸೇದುವುದಿರಲಿ, ಸುಮ್ನೆ ಹತ್ತಿರ ಇಟ್ಟುಕೊಳ್ಳುವುದೂ ಅಪರಾಧ. ಮತ್ತೆ ಮತ್ತೆ ಸಿಕ್ಕಿಬಿದ್ದರೆ ಅಲ್ಲಿ ಕೆಲಸ ಮಾಡಲು ಕೊಡುವ ಪರವಾನಗಿ, ವರ್ಕ್ ಪಾಸೇ ಹೋಗಬಹುದು. ಈಗಾಗಲೇ ವೇಪ್ ಅಭ್ಯಾಸ ಇರುವವರು ತಾವಾಗಿಯೇ ಸಹಾಯ ಕೇಳಿ ಹೋದರೆ ಶಿಕ್ಷೆ ಇಲ್ಲ. ಹೆದರಿ ಮುಚ್ಚಿಡಬೇಡಿ.

ನನ್ನನ್ನು ಕೇಳಿದರೆ, ಬಿಡುವ ಕೆಲಸ ಇಲ್ಲಿಂದಲೇ ಶುರುವಾಗಬೇಕು. ಹೊಸ ಊರು, ಹೊಸ ಕೆಲಸ, ಒಂಟಿತನ ಎಲ್ಲದರ ಜೊತೆಗೆ ತಂಬಾಕಿನಲ್ಲಿ ಚಟ ಹತ್ತಿಸುವ ನಿಕೋಟಿನ್ ಬಿಡುವ ಸಂಕಟವೂ ಸೇರಿದರೆ ಭಾರ ಜಾಸ್ತಿ. ನಮ್ಮಲ್ಲಿ ಸಿಗರೇಟು ಪ್ಯಾಕಿನ ಮೇಲೇ ಚಟ ಬಿಡಲು ಸಹಾಯ ಮಾಡುವ ಒಂದು ನಂಬರ್ ಅಚ್ಚು ಹಾಕಿರುತ್ತಾರೆ, 1800 11 2356. ಉಚಿತ ಕರೆ, ಕನ್ನಡದಲ್ಲೇ ಮಾತಾಡಬಹುದು. ಹೊರಡುವ ಮುಂಚೆ ಮಾಡಿ. ಶಿವಮೊಗ್ಗದಲ್ಲೇ ಇದ್ದರೆ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೇಳಿ. ಮನೋವೈದ್ಯರು ಅಂದ ತಕ್ಷಣ ಹಿಂಜರಿಯುವುದು ಬೇಡ. ಚಟ ಬಿಡಿಸುವುದೂ ಅವರ ಕೆಲಸವೇ.

ಸಿಂಗಪುರದಲ್ಲಿ ಅಲ್ಲಿನ ಹೆಲ್ತ್ ಪ್ರಮೋಷನ್ ಬೋರ್ಡ್‌ನ ಕ್ವಿಟ್‌ಲೈನ್ ಎಂಬ ಸಹಾಯವಾಣಿ ಇದೆ, 1800 438 2000. ಸರಳ ಇಂಗ್ಲಿಷ್ ಸಾಕು. ಅವರದೇ 'ಐ ಕ್ವಿಟ್' ಎಂಬ 28 ದಿನದ ಕಾರ್ಯಕ್ರಮವೂ ಇದೆ. ಖರ್ಚಿನ ವಿಷಯ ಮೊದಲೇ ತಿಳಿದಿರಲಿ. ಸರ್ಕಾರಿ ಪಾಲಿಕ್ಲಿನಿಕ್‌ನ ರಿಯಾಯಿತಿ ಅಲ್ಲಿನ ಪ್ರಜೆಗಳಿಗೆ, ಪಿಆರ್ (ಕಾಯಂ ವಾಸದ ಅನುಮತಿ) ಇರುವವರಿಗೆ. ವರ್ಕ್ ಪಾಸ್‌ನವರು ಪೂರ್ತಿ ಕೊಡಬೇಕು. ಕಂಪನಿಯ ವಿಮೆಯಲ್ಲಿ ಇದು ಸೇರುತ್ತದೆಯೇ ಅಂತ ಎಚ್‌ಆರ್ ಹತ್ತಿರ ಒಮ್ಮೆ ಕೇಳಿ.

ಚೂಯಿಂಗ್ ಗಮ್ ಮಾರದ ಊರು ಅಂತ ಸಿಂಗಪುರಕ್ಕೆ ಹೆಸರು. ಆದರೆ ಸೇದುವ ಚಪಲ ತಗ್ಗಿಸುವ ನಿಕೋಟಿನ್ ಗಮ್ ಫಾರ್ಮಸಿಸ್ಟ್ ಹತ್ತಿರ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕು ಅನ್ನುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2. ಅದನ್ನು ಬಬಲ್ ಗಮ್ ಥರ ಜಗಿಯಬಾರದು. ನಾಲಿಗೆಗೆ ಚುರುಕ್ ಅನ್ನುವವರೆಗೆ ನಿಧಾನ ಜಗಿದು, ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಬೇಕು. ಚುರುಕು ಕಡಿಮೆಯಾದ ಮೇಲೆ ಮತ್ತೆ ಜಗಿಯಬೇಕು. ಹೊಗೆಸೊಪ್ಪಿನ ಕವಳ ಹಾಕಿದವರಿಗೆ ಇದು ಬೇಗ ಒಗ್ಗುತ್ತದೆ. ಗಮ್ ಹಾಕುವ ಕಾಲು ಗಂಟೆ ಮುಂಚಿನಿಂದ ಕಾಫಿ ಕುಡಿಯಬೇಡಿ, ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಜೊತೆಗೆ ಗಮ್ ಬಳಸಿದರೆ ಒಂದನ್ನೇ ಬಳಸುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಯಾವುದನ್ನೂ ಶುರು ಮಾಡಬೇಡಿ. ಸಿಗರೇಟು ಬಿಡಲು ಕೊಡುವ ವಾರೆನಿಕ್ಲಿನ್ ಎಂಬ ಮಾತ್ರೆಗೆ ಡಾಕ್ಟರ ಚೀಟಿ ಬೇಕೇ ಬೇಕು. ಡಾಕ್ಟರ್ ಹತ್ತಿರ ಸಿಗರೇಟಿನ ಲೆಕ್ಕ ಮಾತ್ರ ಹೇಳಿ ಹೊಗೆಸೊಪ್ಪು ಮುಚ್ಚಿಟ್ಟರೆ ಮದ್ದಿನ ಪ್ರಮಾಣ ತಪ್ಪುತ್ತದೆ.

ಮಲೆನಾಡಿನವರಿಗೆ ಕಾಫಿಯ ಬಗ್ಗೆ ಇನ್ನೊಂದು ಮಾತು. ಸಿಗರೇಟಿನ ಹೊಗೆ ಕೆಫೀನನ್ನು ಮೈಯಿಂದ ಬೇಗ ಹೊರಹಾಕಿಸುತ್ತದೆ. ಸೇದುವುದು ನಿಂತ ಮೇಲೆ ಅದೇ ಲೋಟ ಕಾಫಿ ಹೆಚ್ಚು ಹೊತ್ತು ಮೈಯಲ್ಲಿ ಉಳಿಯುತ್ತದೆ. ನಿದ್ದೆ ಬರುವುದಿಲ್ಲ, ಎದೆ ಡವಡವ ಅನ್ನುತ್ತದೆ. ಸಿಗರೇಟು ಬಿಟ್ಟಿದ್ದೇ ಕಾರಣ ಅಂದುಕೊಂಡು ಮತ್ತೆ ಹಚ್ಚುತ್ತಾರೆ. ಕಾಫಿಯನ್ನು ಅರ್ಧ ಮಾಡಿ ನೋಡಿ. ಮೊದಲ ವಾರವೇ ಎಲ್ಲಕ್ಕಿಂತ ಕಷ್ಟದ್ದು. ಮೂರು ನಾಲ್ಕು ವಾರದಲ್ಲಿ ಸಂಕಟ ಬಹಳ ಇಳಿಯುತ್ತದೆ. ಆ ದಿನಗಳಲ್ಲಿ ರೂಮಿನವರಿಗೆ, ಇಲ್ಲವೇ ಕನ್ನಡ ಸಂಘದಲ್ಲಿ ಪರಿಚಯವಾದ ಒಬ್ಬರಿಗಾದರೂ ವಿಷಯ ಹೇಳಿಡಿ. ಸೇದಬೇಕು ಅನ್ನಿಸಿದಾಗ ಅವರಿಗೆ ಫೋನ್ ಮಾಡಿ. ಆ ಚಪಲ ಸಾಮಾನ್ಯವಾಗಿ ಹತ್ತು ನಿಮಿಷವೂ ಇರುವುದಿಲ್ಲ.

ಅಲ್ಲಿ ಬಿಟ್ಟವರು ಊರಿಗೆ ರಜೆಗೆ ಬಂದಾಗ ಜಾರುವುದೇ ಹೆಚ್ಚು. ಹೊರಗೆ ಮಳೆ, ಜಗಲಿಯಲ್ಲಿ ಹಳೆಯ ಗೆಳೆಯರು, ಮದುವೆ ಮನೆಯಲ್ಲಿ ಕವಳದ ತಟ್ಟೆ. ಬರುವ ಮುಂಚೆಯೇ ಮನೆಯವರಿಗೆ, ಗೆಳೆಯರಿಗೆ ಬಿಟ್ಟಿದ್ದೇನೆ ಅಂತ ತಿಳಿಸಿಬಿಡಿ. ಗಮ್ ಮರೆತು ಬಂದರೆ ಚಿಂತೆ ಬೇಡ. ಇಲ್ಲಿನ ಮೆಡಿಕಲ್ ಶಾಪಿನಲ್ಲಿ 2 ಮಿಲಿಗ್ರಾಂನದ್ದು ಚೀಟಿ ಇಲ್ಲದೆ ಕೊಡುತ್ತಾರೆ, 4 ಮಿಲಿಗ್ರಾಂಗೆ ಚೀಟಿ ಬೇಕು.