ವಾರ್ಡಿನ ಕೆಲಸದಿಂದ ಹೆಲ್ತ್ ಇನ್ಫರ್ಮ್ಯಾಟಿಕ್ಸ್‌ಗೆ ಬರೋದು ಹೇಗೆ?

ನೀವು ನರ್ಸ್, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟ್ ಅಥವಾ ಎಂಆರ್‌ಡಿಯಲ್ಲಿ (ಆಸ್ಪತ್ರೆಯ ದಾಖಲೆ ವಿಭಾಗ) ಫೈಲ್ ನೋಡಿಕೊಳ್ಳುವವರಾಗಿದ್ದರೆ ಇದು ನಿಮಗಾಗಿ. ಹೆಲ್ತ್ ಇನ್ಫರ್ಮ್ಯಾಟಿಕ್ಸ್ ಅಂದರೆ ಪೇಷಂಟಿನ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಸರಿಯಾಗಿ ದಾಖಲಿಸಿ, ಬಳಕೆಗೆ ಬರುವಂತೆ ಮಾಡುವ ಕೆಲಸ. ದುಬಾರಿ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಒಂದು ಕೇಸ್ ಶೀಟ್ ಎದುರಿಗಿಟ್ಟುಕೊಂಡು ಕೂರಿ. ಪ್ರೋಗ್ರಾಮಿಂಗ್ ಬರಲ್ಲ ಅಂತ ಹೆದರಬೇಡಿ. ಅದು ಬಲ್ಲವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನೈಟ್ ಡ್ಯೂಟಿಯಲ್ಲಿ ಔಷಧಿ ಚಾರ್ಟನ್ನು ನಿಜವಾಗಿ ಯಾರು, ಯಾವಾಗ ತುಂಬುತ್ತಾರೆ, ಯಾವ ಕಾಲಂ ಯಾವತ್ತೂ ಖಾಲಿ ಇರುತ್ತೆ ಅಂತ ಬಲ್ಲವರು ತುಂಬ ಕಡಿಮೆ.

ನಾನು ಕೆಲಸ ಮಾಡಿದ ಒಂದು ಕಡೆ ಪೇಷಂಟ್ ಒಬ್ಬರಿಗೆ ಪೆನಿಸಿಲಿನ್ ಅಲರ್ಜಿ ಇರುವುದು ಹಳೆ ಫೈಲಿನ ಮೂಲೆಯಲ್ಲಿ ಪೆನ್ನಿನಲ್ಲಿ ಬರೆದಿತ್ತು. ಹೊಸ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಅವರ ಮಗಳು ಬಾಯಿಬಿಟ್ಟು ಹೇಳಿದ್ದರಿಂದ ಇಂಜೆಕ್ಷನ್ ನಿಂತಿತು. ನಾನು ಈ ಕೆಲಸ ಕಲಿಯೋಕೆ ಶುರು ಮಾಡಿದ್ದು ಆ ದಿನದಿಂದ.

ಮೊದಲ ಅಭ್ಯಾಸ ಇದು. ಇಲಾಖೆಯವರ ಒಪ್ಪಿಗೆ ತಗೊಂಡು 20 ಕೇಸ್ ಶೀಟ್ ನೋಡಿ, ಸಕ್ಕರೆ ಕಾಯಿಲೆಯನ್ನು ಯಾರ‍್ಯಾರು ಹೇಗೆ ಬರೆದಿದ್ದಾರೆ ಅಂತ ಮಾತ್ರ ಗುರುತು ಹಾಕಿಕೊಳ್ಳಿ. ಹೆಸರು, ಫೋನ್ ನಂಬರ್ ಬೇಡ. ಫೋಟೋ ಅಂತೂ ತೆಗೆಯಲೇಬೇಡಿ. ಡಿಎಂ (ಡಯಾಬಿಟಿಸ್ ಮೆಲಿಟಸ್), ಟಿ2ಡಿಎಂ (ಟೈಪ್ 2 ಡಿಎಂ), ಶುಗರ್, ಕೆಸಿಒ ಡಿಎಂ (ಡಿಎಂ ಇರುವುದು ಮೊದಲೇ ಗೊತ್ತಿರುವವರು) ಅಂತೆಲ್ಲ ಸಿಗುತ್ತೆ. ನಮಗೆ ಎಲ್ಲವೂ ಒಂದೇ ಅನಿಸುತ್ತೆ, ಆದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ. ಹಾಗಾಗಿ ಈ ತಿಂಗಳು ಶುಗರ್ ಪೇಷಂಟ್ ಎಷ್ಟು ಜನ ಬಂದರು ಅಂತ ಕೇಳಿದರೆ ಅದು ಕೊಡುವ ಲೆಕ್ಕ ತಪ್ಪಿರುತ್ತೆ.

ಇದಕ್ಕೇ ಕೋಡ್‌ಗಳು, ಅಂದರೆ ಒಂದೊಂದು ಕಾಯಿಲೆಗೂ ಟೆಸ್ಟಿಗೂ ಗೊತ್ತುಮಾಡಿದ ಗುರುತುಗಳು, ಇರೋದು. ಟೈಪ್ 2 ಡಯಾಬಿಟಿಸ್‌ಗೆ ಸ್ನೋಮೆಡ್ ಸಿಟಿಯಲ್ಲಿ 44054006, ಐಸಿಡಿ-10ರಲ್ಲಿ ಇ11. ಸುಮಾರು ಮೂರು ತಿಂಗಳ ಸಕ್ಕರೆ ಮಟ್ಟ ತೋರಿಸುವ ಎಚ್‌ಬಿಎ1ಸಿ ಟೆಸ್ಟಿಗೆ ಲೋಯಿಂಕ್‌ನಲ್ಲಿ 4548-4. ಇವು ಮೂರು ಬೇರೆ ಬೇರೆ ಕೋಡ್ ಪಟ್ಟಿಗಳು: ಸ್ನೋಮೆಡ್ ಡಾಕ್ಟರ್, ನರ್ಸ್ ಬರೆಯುವ ನೋಟ್ಸಿಗೆ, ಐಸಿಡಿ ಅಂಕಿಅಂಶ ಮತ್ತು ಕ್ಲೇಮಿಗೆ, ಲೋಯಿಂಕ್ ಲ್ಯಾಬಿಗೆ. ಈಗ ಆ 20 ಶೀಟಿಗೂ ನೀವೇ ಕೋಡ್ ಹುಡುಕಿ ಹಾಕಿ. ಬರೀ ಡಿಎಂ ಅಂತಿದ್ದರೆ ಅದು ಟೈಪ್ 2 ಅಂತ ನೀವೇ ಊಹಿಸಬೇಡಿ, ಬರೀ ಡಯಾಬಿಟಿಸ್ ಅನ್ನೋದಕ್ಕೆ ಸ್ನೋಮೆಡ್‌ನಲ್ಲಿ 73211009 ಅಂತ ಬೇರೆ ಕೋಡ್ ಇದೆ. ಬರೆದವರು ಹೇಳದ್ದನ್ನು ನಾವು ಸೇರಿಸಬಾರದು, ಅಲ್ವಾ? ಭಾರತದಲ್ಲಿ ಸ್ನೋಮೆಡ್ ಬಳಸೋಕೆ ದುಡ್ಡು ಕೊಡಬೇಕಿಲ್ಲ. ಪುಣೆಯಲ್ಲಿ ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯಲ್ಲಿರುವ ಎನ್‌ಆರ್‌ಸಿಇಎಸ್, ಅಂದರೆ ಡಿಜಿಟಲ್ ಆರೋಗ್ಯ ದಾಖಲೆ ಮಾನದಂಡಗಳ ರಾಷ್ಟ್ರೀಯ ಕೇಂದ್ರ, ಇದನ್ನು ನೋಡಿಕೊಳ್ಳುತ್ತೆ.

ಆಮೇಲೆ ಒಂದು ಆಸ್ಪತ್ರೆ ಸಾಫ್ಟ್‌ವೇರನ್ನು ಕೈಯಾರೆ ಬಳಸಿ ನೋಡಿ. ಬಾಹ್ಮ್ನಿ (Bahmni) ಒಳ್ಳೆಯದು, ಉಚಿತ ಕೂಡ. ಅದು ಹುಟ್ಟಿದ್ದು ಛತ್ತೀಸ್‌ಗಢದ ಗನಿಯಾರಿಯಲ್ಲಿ, ಜನ ಸ್ವಾಸ್ಥ್ಯ ಸಹಯೋಗ ಅನ್ನೋ ಸಂಸ್ಥೆಯ ಆಸ್ಪತ್ರೆಗಾಗಿ. ಸುಮ್ನೆ ಒಬ್ಬ ಕಾಲ್ಪನಿಕ ಪೇಷಂಟನ್ನು ಸೇರಿಸಿ, ಬಿಪಿ ಬರೆಯಿರಿ, ಲ್ಯಾಬಿಗೆ ಕಳಿಸಿ, ಡಿಸ್ಚಾರ್ಜ್ ಮಾಡಿ. ಎಲ್ಲಿ ತಡವರಿಸಿದಿರೋ ಬರೆದಿಟ್ಟುಕೊಳ್ಳಿ.

ಜೊತೆಗೆ ನಮ್ಮ ದೇಶದ ನಿಯಮಗಳನ್ನು ಓದಿ. ಇಎಚ್‌ಆರ್ (ಡಿಜಿಟಲ್ ಆರೋಗ್ಯ ದಾಖಲೆ) ಮಾನದಂಡ 2013ರಲ್ಲಿ ಬಂತು, 2016ರಲ್ಲಿ ಪರಿಷ್ಕರಣೆ ಆಯಿತು. 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವಿಡೀ ಶುರುವಾದ ಮೇಲೆ ಆರೋಗ್ಯ ದಾಖಲೆಗಳನ್ನು ಜೋಡಿಸುವ 14 ಅಂಕಿಯ ಆಭಾ ನಂಬರ್ ಓಪಿಡಿ ಕೌಂಟರಿನವರೆಗೂ ಬಂದಿದೆ. ಇದರಲ್ಲಿ ಪೇಷಂಟಿನ ಒಪ್ಪಿಗೆ ಪಡೆಯುವ ಭಾಗವನ್ನು ಎರಡು ಸಲ ಓದಿ. ಕ್ಯೂನಲ್ಲಿ ನಿಂತ ಅಜ್ಜಿಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕಾದವರು ನೀವೇ.

ಇಷ್ಟಾದ ಮೇಲೆ ಸಂಘದ ಕಡೆ ಹೋಗಿ. ಇಂಡಿಯನ್ ಅಸೋಸಿಯೇಷನ್ ಫಾರ್ ಮೆಡಿಕಲ್ ಇನ್ಫರ್ಮ್ಯಾಟಿಕ್ಸ್, ಅಂದರೆ ಐಎಎಂಐ, 1993ರಲ್ಲಿ ಶುರುವಾಯಿತು. ಆಸ್ಪತ್ರೆಯ ಕಂಪ್ಯೂಟರ್ ಅಂದರೆ ಬಿಲ್ಲಿಂಗ್ ಅಂತ ಮಾತ್ರ ಅಂದುಕೊಂಡಿದ್ದ ಕಾಲ ಅದು. ಸದಸ್ಯತ್ವವನ್ನು ಬರೀ ಬಯೋಡೇಟಾಗೆ ಒಂದು ಸಾಲು ಅಂತ ತಗೊಂಡರೆ ಏನೂ ಸಿಗಲ್ಲ. ಸಮ್ಮೇಳನಕ್ಕೆ ಹೋಗುವಾಗ ನಿಮ್ಮ 20 ಶೀಟಿನ ಲೆಕ್ಕವನ್ನು ಒಂದು ಪುಟಕ್ಕೆ ಇಳಿಸಿ ಕೈಯಲ್ಲಿಟ್ಟುಕೊಳ್ಳಿ. ಭಾಷಣಕ್ಕಿಂತ ಟೀ ಬ್ರೇಕ್ ಮುಖ್ಯ. ಬೇರೆ ಊರಿನ ನರ್ಸ್ ಅಥವಾ ಡಾಕ್ಟರ್ ಸಿಕ್ಕರೆ ಆ ಪುಟ ತೋರಿಸಿ, ಜೊತೆಗೆ ಇದನ್ನೂ ಕೇಳಿ: ನಿಮ್ಮ ಸಾಫ್ಟ್‌ವೇರ್‌ನಲ್ಲಿ ಅಲರ್ಜಿ ಎಲ್ಲಿ ಬರೆಯುತ್ತೀರಿ, ಔಷಧಿ ಬರೆಯುವ ಹೊತ್ತಿಗೆ ಅದು ಡಾಕ್ಟರ ಕಣ್ಣಿಗೆ ಬೀಳುತ್ತಾ?