ಎಕ್ಸ್‌ಎಂಎಲ್ ಗೊಡವೆ ಇಲ್ಲದೆ ಸರ್ವ್‌ಲೆಟ್: ಜೆಟ್ಟಿಗೆ ಜ್ಯೂಸ್ ಜೋಡಿಸುವುದು ಹೇಗೆ?

ಜಾವಾದಲ್ಲಿ ಒಂದು ಚಿಕ್ಕ ವೆಬ್ ಸೇವೆ ಬರೆಯಲು ದೊಡ್ಡ ಸರ್ವರ್ ಹಾಕಿಕೊಂಡು, ವಾರ್ ಫೈಲ್ (ವೆಬ್ ಆ್ಯಪ್‌ನ ಪೊಟ್ಟಣ) ಕಟ್ಟಿ ಕೂರಬೇಕಿಲ್ಲ. ಸರ್ವರನ್ನೇ ನಿಮ್ಮ ಪ್ರೋಗ್ರಾಮಿನೊಳಗೆ ಇಟ್ಟುಕೊಳ್ಳಬಹುದು. ಜೆಟ್ಟಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. 1995ರಲ್ಲಿ ಗ್ರೆಗ್ ವಿಲ್ಕಿನ್ಸ್ ಶುರು ಮಾಡಿದ ಈ ಸರ್ವರ್ ಈಗ ಎಕ್ಲಿಪ್ಸ್ ಫೌಂಡೇಶನ್‌ನಲ್ಲಿದೆ.

ಆದರೆ ಸರ್ವ್‌ಲೆಟ್‌ಗೆ, ಅಂದರೆ ವೆಬ್ ರಿಕ್ವೆಸ್ಟ್‌ಗೆ ಉತ್ತರ ಕೊಡುವ ಜಾವಾ ಕ್ಲಾಸ್‌ಗೆ, ಡೇಟಾಬೇಸ್ ಬೇಕು, ಸೆಟ್ಟಿಂಗ್ಸ್ ಬೇಕು ಅಲ್ವಾ? ಕ್ಲಾಸ್ ಹೆಸರು ಮಾತ್ರ ಕೊಟ್ಟರೆ ಜೆಟ್ಟಿ ಖಾಲಿ ಕನ್‌ಸ್ಟ್ರಕ್ಟರ್ ಕರೆದು ಸುಮ್ಮನಾಗುತ್ತದೆ. ಆಗ ಎಲ್ಲರೂ ಸ್ಟ್ಯಾಟಿಕ್ ವೇರಿಯಬಲ್‌ಗಳ ಮೊರೆ ಹೋಗುತ್ತಾರೆ. ಟೆಸ್ಟ್ ಬರೆಯಲು ಕೂತಾಗ ಅದರ ಕಷ್ಟ ಗೊತ್ತಾಗುತ್ತದೆ. ಇದಕ್ಕೆ ಒಳ್ಳೆಯ ದಾರಿ ಡಿಪೆಂಡೆನ್ಸಿ ಇಂಜೆಕ್ಷನ್, ಅಂದರೆ ಕ್ಲಾಸ್‌ಗೆ ಬೇಕಾದ್ದನ್ನು ಹೊರಗಿನಿಂದಲೇ ಕೊಡುವುದು. ಇಲ್ಲಿ ನಾವು ಬಳಸುವುದು ಗೂಗಲ್ 2007ರಲ್ಲಿ ಬಿಡುಗಡೆ ಮಾಡಿದ ಜ್ಯೂಸ್ ಎಂಬ ಜಾವಾ ಲೈಬ್ರರಿ. ಹುಡುಕುವಾಗ ಜಿ-ಯು-ಐ-ಸಿ-ಇ ಎಂದು ಟೈಪ್ ಮಾಡಿ.

ಮೊದಲ ಹೆಜ್ಜೆ: ಆವೃತ್ತಿಗಳ ಹೊಂದಾಣಿಕೆ

ಇದನ್ನು ದಯವಿಟ್ಟು ಹಾರಿಸಬೇಡಿ. ಸರ್ವ್‌ಲೆಟ್ ಪ್ಯಾಕೇಜಿನ ಹೆಸರು ಜಾವಾಎಕ್ಸ್‌ನಿಂದ ಜಕಾರ್ತಾಗೆ ಬದಲಾಗಿದೆ. ಜೆಟ್ಟಿ 10 ಹಳೆಯ ಹೆಸರನ್ನೇ ಬಳಸುತ್ತದೆ, ಜೆಟ್ಟಿ 11 ಹೊಸದನ್ನು. ಜ್ಯೂಸ್‌ನಲ್ಲಿ 6.0 ಹಳೆಯ ಸರ್ವ್‌ಲೆಟ್ ಹೆಸರಿನದು, 7.0 ಹೊಸದು. ಹಾಗಾಗಿ ಜೆಟ್ಟಿ 10ಕ್ಕೆ ಜ್ಯೂಸ್ 6, ಜೆಟ್ಟಿ 11ಕ್ಕೆ ಜ್ಯೂಸ್ 7. ಅದಲು ಬದಲಾದರೆ ಕಂಪೈಲರ್ ‘ಇದು ಫಿಲ್ಟರೇ ಅಲ್ಲ’ ಎನ್ನುತ್ತದೆ. (ಫಿಲ್ಟರ್ ಅಂದರೆ ಸರ್ವ್‌ಲೆಟ್‌ಗಿಂತ ಮೊದಲು ರಿಕ್ವೆಸ್ಟ್ ಹಿಡಿಯುವ ಕ್ಲಾಸ್; ನಾಲ್ಕನೆಯ ಹೆಜ್ಜೆಯಲ್ಲಿ ಬರುತ್ತದೆ.) ಜ್ಯೂಸ್ ಜೊತೆಗೆ ಅದರ ಸರ್ವ್‌ಲೆಟ್ ಎಕ್ಸ್‌ಟೆನ್ಷನ್ ಜಾರ್ ಕೂಡ ಬೇಕು.

ಎರಡನೆಯದು: ಸರ್ವ್‌ಲೆಟ್

ಊರಿನ ಲೈಬ್ರರಿಯ ಪುಸ್ತಕಗಳ ಪಟ್ಟಿ ತೋರಿಸುವ ‘ಬುಕ್‌ಸರ್ವ್‌ಲೆಟ್’ ಬರೆಯೋಣ. ‘ಎಚ್‌ಟಿಟಿಪಿಸರ್ವ್‌ಲೆಟ್’ ಅನ್ನು ಎಕ್ಸ್‌ಟೆಂಡ್ ಮಾಡಿ. ಕನ್‌ಸ್ಟ್ರಕ್ಟರ್ ‘ಬುಕ್‌ಲಿಸ್ಟ್’ ಎಂಬ ಇಂಟರ್‌ಫೇಸ್ ಒಂದನ್ನು ಪಡೆಯಲಿ, ಅದರ ಮೇಲೆ ‘ಇಂಜೆಕ್ಟ್’ ಅನೊಟೇಶನ್ ಇರಲಿ. ಪಟ್ಟಿ ಡೇಟಾಬೇಸ್‌ನಿಂದ ಬರುತ್ತದೋ ಫೈಲಿನಿಂದ ಬರುತ್ತದೋ ಎಂಬುದು ಸರ್ವ್‌ಲೆಟ್‌ಗೆ ಗೊತ್ತಾಗುವುದೇ ಬೇಡ.

ಕ್ಲಾಸ್ ಮೇಲೆ ‘ಸಿಂಗಲ್ಟನ್’ (ಒಂದೇ ಒಂದು ಪ್ರತಿ) ಅನೊಟೇಶನ್ ಕಡ್ಡಾಯ. ಅದು ಇಲ್ಲದಿದ್ದರೆ, ಸರ್ವರ್ ಏಳುವ ಹೊತ್ತಿಗೇ ಸರ್ವ್‌ಲೆಟ್‌ಗಳು ಸಿಂಗಲ್ಟನ್ ಆಗಿರಬೇಕು ಎಂಬ ಎರರ್ ಬರುತ್ತದೆ.

ಮೂರನೆಯದು: ಮಾಡ್ಯೂಲ್

ವೆಬ್ ಡಾಟ್ ಎಕ್ಸ್‌ಎಂಎಲ್ ಎಂಬ ಸೆಟ್ಟಿಂಗ್ಸ್ ಫೈಲಿನಲ್ಲಿ ಇರುತ್ತಿದ್ದ ಸಂಗತಿಗಳೆಲ್ಲ ಬರುವುದು ಇಲ್ಲಿಗೆ. ‘ಸರ್ವ್‌ಲೆಟ್‌ಮಾಡ್ಯೂಲ್’ ಅನ್ನು ಎಕ್ಸ್‌ಟೆಂಡ್ ಮಾಡಿ, ‘ಕಾನ್ಫಿಗರ್‌ಸರ್ವ್‌ಲೆಟ್ಸ್’ ಮೆಥಡ್ ಬರೆಯಿರಿ. ಒಳಗೆ ಎರಡೇ ಸಾಲು. ‘ಬೈಂಡ್’ ಬಳಸಿ ಬುಕ್‌ಲಿಸ್ಟ್‌ಗೆ ನಿಜವಾದ ಕ್ಲಾಸ್ ಯಾವುದೆಂದು ಹೇಳಿ. ‘ಸರ್ವ್’ಗೆ ‘/ಬುಕ್ಸ್’ ಎಂಬ ದಾರಿ ಕೊಟ್ಟು, ‘ವಿತ್’ಗೆ ಬುಕ್‌ಸರ್ವ್‌ಲೆಟ್ ಕೊಡಿ.

ಸಾಲುಗಳ ಕ್ರಮದ ಮೇಲೆ ಕಣ್ಣಿಡಿ. ವೆಬ್ ಡಾಟ್ ಎಕ್ಸ್‌ಎಂಎಲ್ ಬರೆದು ಅಭ್ಯಾಸ ಇದ್ದವರು ಎಡವುವುದೇ ಇಲ್ಲಿ. ಅಲ್ಲಿ ಹೆಚ್ಚು ಉದ್ದ ಹೊಂದುವ ದಾರಿಗೆ ಆದ್ಯತೆ. ಜ್ಯೂಸ್‌ನಲ್ಲಿ ಹಾಗಲ್ಲ. ಮೇಲಿನಿಂದ ಕೆಳಗೆ ನೋಡುತ್ತಾ ಹೋಗಿ, ಮೊದಲು ಹೊಂದಿದ್ದಕ್ಕೆ ಕೆಲಸ ಒಪ್ಪಿಸುತ್ತದೆ. ‘/*’ ಅನ್ನು ಮೊದಲ ಸಾಲಿನಲ್ಲಿ ಬರೆದರೆ ಎಲ್ಲ ರಿಕ್ವೆಸ್ಟ್‌ಗಳೂ ಅದರ ಪಾಲೇ. ಕೆಳಗಿನ ‘/ಬುಕ್ಸ್’ ಎಂದಿಗೂ ಓಡುವುದಿಲ್ಲ, ಯಾವ ಎರರೂ ಬರುವುದಿಲ್ಲ. ನಿರ್ದಿಷ್ಟ ದಾರಿಗಳು ಮೇಲೆ, ಎಲ್ಲವನ್ನೂ ಹಿಡಿಯುವಂಥದ್ದು ಕೊನೆಗೆ.

ನಾಲ್ಕನೆಯದು: ಜೆಟ್ಟಿಗೆ ಒಂದೇ ಒಂದು ಫಿಲ್ಟರ್

ಮೇನ್ ಮೆಥಡ್‌ನಲ್ಲಿ ಮೊದಲು ಮಾಡ್ಯೂಲ್ ಕೊಟ್ಟು ಇಂಜೆಕ್ಟರ್ (ಬೇಕಾದ್ದನ್ನು ಕಟ್ಟಿಕೊಡುವ ಜ್ಯೂಸ್‌ನ ಭಾಗ) ಮಾಡಿಕೊಳ್ಳಿ. ನಂತರ 8080 ಪೋರ್ಟ್‌ನಲ್ಲಿ ಜೆಟ್ಟಿಯ ಸರ್ವರ್, ಅದಕ್ಕೊಂದು ‘ಸರ್ವ್‌ಲೆಟ್‌ಕಾಂಟೆಕ್ಸ್ಟ್‌ಹ್ಯಾಂಡ್ಲರ್’. ಆ ಹ್ಯಾಂಡ್ಲರ್‌ಗೆ ‘ಜ್ಯೂಸ್‌ಫಿಲ್ಟರ್’ ಸೇರಿಸಿ. ಜ್ಯೂಸ್‌ನ ಫಿಲ್ಟರ್‌ಗೆ ಈ ಹೆಸರು. ದಾರಿ ‘/*’, ಡಿಸ್ಪ್ಯಾಚರ್ ಬಗೆ ‘ರಿಕ್ವೆಸ್ಟ್’. ಸರ್ವ್‌ಲೆಟ್‌ಗಳ ಹೆಸರನ್ನು ಜೆಟ್ಟಿಗೆ ಹೇಳುವ ಅಗತ್ಯವೇ ಇಲ್ಲ. ಅದು ಎಲ್ಲವನ್ನೂ ಫಿಲ್ಟರ್‌ಗೆ ದಾಟಿಸುತ್ತದೆ, ಮುಂದಿನದನ್ನು ಮಾಡ್ಯೂಲ್ ನೋಡಿಕೊಳ್ಳುತ್ತದೆ.

ಫಿಲ್ಟರನ್ನು ಇಂಜೆಕ್ಟರ್‌ನಿಂದಲೇ ಕೇಳಿ ಪಡೆದು, ‘ಫಿಲ್ಟರ್‌ಹೋಲ್ಡರ್’ನಲ್ಲಿಟ್ಟು ಕೊಡಿ ಎಂಬುದು ನನ್ನ ಸಲಹೆ. ಸುಮ್ನೆ ಕ್ಲಾಸ್ ಹೆಸರು ಕೊಟ್ಟರೂ ನಡೆಯುತ್ತದೆ ನಿಜ, ಆದರೆ ಆಗ ಜ್ಯೂಸ್ ಒಳಗೊಳಗೇ ಸ್ಟ್ಯಾಟಿಕ್ ವೇರಿಯಬಲ್ ಬಳಸುತ್ತದೆ. ಒಂದೇ ಪ್ರೋಗ್ರಾಮಿನಲ್ಲಿ ಎರಡು ಇಂಜೆಕ್ಟರ್ ಆದರೆ ಗೊಂದಲ ಖಂಡಿತ. ಟೆಸ್ಟ್‌ಗಳಲ್ಲಿ ಇದು ಜಾಸ್ತಿ ಕಾಡುತ್ತದೆ.

ಹಳೆಯ ಜೆಟ್ಟಿ ಆವೃತ್ತಿಗಳಲ್ಲಿ ಒಂದಾದರೂ ಸರ್ವ್‌ಲೆಟ್ ಇಲ್ಲದಿದ್ದರೆ ಫಿಲ್ಟರ್ ಓಡುವುದೇ ಇಲ್ಲ. ಅಲ್ಲಿ ‘/’ ದಾರಿಗೆ ‘ಡಿಫಾಲ್ಟ್‌ಸರ್ವ್‌ಲೆಟ್’ ಸೇರಿಸಿ. ಹೊಸ ಆವೃತ್ತಿಗಳು 404 ಹೇಳುವ ಸರ್ವ್‌ಲೆಟ್ ಒಂದನ್ನು ತಾವೇ ಇಟ್ಟುಕೊಳ್ಳುತ್ತವೆ.

ಕೊನೆಗೆ ‘ಸ್ಟಾರ್ಟ್’, ‘ಜಾಯಿನ್’. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ 8080ರ ‘/ಬುಕ್ಸ್’ ತೆರೆದರೆ ಪಟ್ಟಿ ಬರಬೇಕು.

ಲಾಗಿನ್ ಆದವರ ವಿವರ ಬೇಕಾದರೆ?

ಸರ್ವ್‌ಲೆಟ್ ಒಂದೇ, ರಿಕ್ವೆಸ್ಟ್‌ಗಳು ನೂರಾರು. ಬಳಕೆದಾರರ ವಿವರವನ್ನು ನೇರವಾಗಿ ಕನ್‌ಸ್ಟ್ರಕ್ಟರ್‌ಗೆ ಕೊಡಿಸಿಕೊಂಡು ಇಟ್ಟುಕೊಂಡರೆ ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಕಾಣುವ ಅಪಾಯವಿದೆ. ಅಂಥ ಕ್ಲಾಸ್‌ಗೆ ‘ರಿಕ್ವೆಸ್ಟ್‌ಸ್ಕೋಪ್ಡ್’ ಹಾಕಿ, ಸರ್ವ್‌ಲೆಟ್‌ನಲ್ಲಿ ಅದರ ‘ಪ್ರೊವೈಡರ್’ ಪಡೆಯಿರಿ. ರಿಕ್ವೆಸ್ಟ್ ಬಂದಾಗಲೆಲ್ಲ ‘ಗೆಟ್’ ಕರೆದರೆ ಆ ಹೊತ್ತಿನವರ ವಿವರವೇ ಸಿಗುತ್ತದೆ.

ಟೆಸ್ಟ್ ಮಾಡುವಾಗ ಪೋರ್ಟ್ 0 ಕೊಡಿ. ಖಾಲಿ ಇರುವ ಪೋರ್ಟ್ ತಾನಾಗಿ ಸಿಗುತ್ತದೆ, ಯಾವುದೆಂದು ಕನೆಕ್ಟರನ್ನು ಕೇಳಿದರಾಯಿತು. ಮಾಡ್ಯೂಲ್‌ನಲ್ಲಿ ಬುಕ್‌ಲಿಸ್ಟ್‌ಗೆ ನಾಲ್ಕು ಪುಸ್ತಕಗಳ ನಕಲಿ ಪಟ್ಟಿ ಬೈಂಡ್ ಮಾಡಿ, ಡೇಟಾಬೇಸ್ ಇಲ್ಲದೆಯೇ ಪೂರ್ತಿ ಸರ್ವರನ್ನು ಪರೀಕ್ಷಿಸಬಹುದು.